ಎತ್ತರದ ಬಲೂನು: ಮೆತ್ತಗೆ ಇಳಿಸಿ, ಹುಡುಕಿ ತಂದು, ಮತ್ತೆ ಹಾರಿಸುವ ಬಗೆ

ಮರುಬಳಕೆಯ ಬಲೂನು ಎನ್ನುವಾಗ ಒಂದು ಭ್ರಮೆಯನ್ನು ಮೊದಲೇ ಬಿಡಬೇಕು. ಮತ್ತೆ ಹಾರುವುದು ಬಲೂನಲ್ಲ, ಅದರ ಕೆಳಗೆ ತೂಗುವ ಸರಂಜಾಮು. ಹವಾಮಾನ ಇಲಾಖೆ ದಿನವೂ ಬಿಡುವಂಥ ಲೇಟೆಕ್ಸ್ ಬಲೂನು ನೆಲದಲ್ಲಿ ಎರಡು ಮೀಟರ್ ಅಗಲ ಇದ್ದದ್ದು, 30 ಕಿ.ಮೀ. ದಾಟುವಷ್ಟರಲ್ಲಿ ಎಂಟು ಮೀಟರಿಗೂ ಮಿಕ್ಕಿ ಉಬ್ಬಿ ಒಡೆದು ಚಿಂದಿಯಾಗುತ್ತದೆ. ಟಿಐಎಫ್‌ಆರ್‌ನ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಹೈದರಾಬಾದ್ ಕೇಂದ್ರ ಹಾರಿಸುವ ದೈತ್ಯ ಪಾಲಿಥೀನ್ ಬಲೂನುಗಳೂ ಒಂದೇ ಹಾರಾಟಕ್ಕೆ ಮಾಡಿದವು. ಪ್ಯಾರಾಶೂಟಿನಲ್ಲಿ ಇಳಿದು ಬರುವ ಉಪಕರಣಕ್ಕಷ್ಟೇ ಎರಡನೇ ಸರದಿ. ಹಾಗಾಗಿ ವಿನ್ಯಾಸವನ್ನು ಬಲೂನಿನಿಂದ ಶುರುಮಾಡಬಾರದು. ಪೆಟ್ಟಿಗೆ ನೆಲಕ್ಕೆ ತಾಗುವ ಕ್ಷಣದಿಂದ ಶುರುಮಾಡಿ ಹಿಂದಕ್ಕೆ ಲೆಕ್ಕ ಹಾಕುತ್ತ ಬರಬೇಕು.

ಇಲ್ಲಿ ಹೇಳುವುದು ಕಾಲೇಜು ತಂಡವೊಂದು ದಕ್ಷಿಣದ ಪ್ರಸ್ಥಭೂಮಿಯಿಂದ ಹಾರಿಸಬಹುದಾದ ಅಳತೆಯದ್ದು: 1200 ಗ್ರಾಂ ತೂಕದ ಲೇಟೆಕ್ಸ್ ಬಲೂನು, ಅದರ ಕೆಳಗೆ ಒಟ್ಟು ಒಂದೂವರೆ ಕೆ.ಜಿ. ಸಾಮಾನು, ಗುರಿ ಸುಮಾರು 32 ಕಿ.ಮೀ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ತಮ್ಮ ಆವರಣದಿಂದ ಹಗುರ ಬಲೂನುಗಳನ್ನು ಹಾರಿಸಿದ್ದಾರೆ. ಅಂದರೆ ಇದು ನಮ್ಮ ನೆಲಕ್ಕೆ ಹೊಸದೇನಲ್ಲ.

ಮೊದಲು ತೂಕ, ಅದರ ಜೊತೆಗೇ ಕಾನೂನು

ಅಂತಾರಾಷ್ಟ್ರೀಯ ವಿಮಾನಯಾನ ನಿಯಮಗಳ ಪ್ರಕಾರ ಒಟ್ಟು ಹೊರೆ 4 ಕೆ.ಜಿ.ಗಿಂತ ಕಡಿಮೆಯಿದ್ದರೆ ಅದು ‘ಹಗುರ’ ಬಲೂನು. ಆದರೆ ತೂಕ ಕಡಿಮೆಯಿದ್ದರೂ ‘ಭಾರಿ’ ವರ್ಗಕ್ಕೆ ಜಾರುವ ದಾರಿಗಳಿವೆ. ಒಂದೇ ಪೆಟ್ಟಿಗೆ 3 ಕೆ.ಜಿ. ಮುಟ್ಟಿದರೆ ಸಾಕು. ಎರಡು ಕೆ.ಜಿ. ಅಥವಾ ಹೆಚ್ಚು ತೂಗುವ ಪೆಟ್ಟಿಗೆಯ ತೂಕವನ್ನು ಅದರ ಅತಿ ಚಿಕ್ಕ ಮುಖದ ವಿಸ್ತೀರ್ಣದಿಂದ ಭಾಗಿಸಿದಾಗ ಚದರ ಸೆಂ.ಮೀ.ಗೆ 13 ಗ್ರಾಂ ದಾಟಿದರೂ ಭಾರಿಯೇ. ಹುರಿ ತುಂಡಾಗಲು 230 ನ್ಯೂಟನ್ ಅಥವಾ ಹೆಚ್ಚಿನ ಬಲ ಬೇಕಾದರೂ ಭಾರಿ. ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ‘ಗಟ್ಟಿಯಿರಲಿ’ ಎಂದು ಪರ್ವತಾರೋಹಣದ ಹಗ್ಗ ಕಟ್ಟಿದರೆ ಗಟ್ಟಿತನವೇ ತಪ್ಪು. 20 ಕೆ.ಜಿ. ಎಳೆತಕ್ಕೆ ತುಂಡಾಗುವ ಹೆಣೆದ ನೈಲಾನ್ ಹುರಿ ಸರಿಯಾದದ್ದು.

ಯಾವ ವರ್ಗವಾದರೂ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಮತ್ತು ವಾಯುಸಂಚಾರ ನಿಯಂತ್ರಣದವರ ಒಪ್ಪಿಗೆಯಿಲ್ಲದೆ ಬಿಡಬೇಡಿ. ಬೆಂಗಳೂರಿನ ಸುತ್ತ ದೇವನಹಳ್ಳಿ, ಎಚ್‌ಎಎಲ್, ಯಲಹಂಕ ಎಂದು ಮೂರು ವಿಮಾನ ನೆಲೆಗಳಿವೆ. ಅರ್ಜಿಗೆ ವಾರಗಳಲ್ಲ, ತಿಂಗಳುಗಳು ಬೇಕು ಎಂದುಕೊಂಡೇ ಹೊರಡಿ.

ಒಂದೂವರೆ ಕೆ.ಜಿ.ಯ ಹಂಚಿಕೆ ಸುಮಾರಾಗಿ ಹೀಗಿರಲಿ: ಖಾಲಿ ಪೆಟ್ಟಿಗೆ ಮತ್ತು ತಳದ ಮೆತ್ತೆ 310 ಗ್ರಾಂ, ಎರಡು ಟ್ರ್ಯಾಕರ್ 220, ಬ್ಯಾಟರಿ 120, ಕ್ಯಾಮೆರಾ ಮತ್ತು ಸೆನ್ಸರ್‌ಗಳು 230, ಮೊಬೈಲ್ ನೆಟ್‌ವರ್ಕಿನ ಟ್ರ್ಯಾಕರ್ 60, ಪ್ಯಾರಾಶೂಟ್ 200, ಕತ್ತರಿಸುವ ಸಾಧನ 90, ಹುರಿ, ಬಳೆ, ಸ್ವಿವೆಲ್ (ಹುರಿ ಹೊಸೆದುಕೊಳ್ಳದಂತೆ ತಿರುಗುವ ಕೊಂಡಿ) 80. ಉಳಿದ 190 ಗ್ರಾಂ ಅಂಟು, ಟೇಪು, ಲೇಬಲ್ಲು ಎನ್ನುತ್ತ ತಾನಾಗಿ ಖರ್ಚಾಗುತ್ತದೆ.

ಪ್ಯಾರಾಶೂಟ್

ನೆಲಕ್ಕೆ ತಾಗುವ ವೇಗ ಸೆಕೆಂಡಿಗೆ 4ರಿಂದ 5 ಮೀಟರ್ ಇರಬೇಕು. ಅದಕ್ಕಿಂತ ಜೋರಾದರೆ ಪೆಟ್ಟಿಗೆ ಒಡೆಯುತ್ತದೆ, ಕೆಳಗಿರುವವರಿಗೂ ಅಪಾಯ. ತೀರಾ ನಿಧಾನವಾದರೆ ಗಾಳಿ ಅದನ್ನು ಇನ್ನೊಂದು ತಾಲ್ಲೂಕಿಗೆ ಒಯ್ಯುತ್ತದೆ. ಲೆಕ್ಕ ಸುಲಭ: ಬೇಕಾದ ವಿಸ್ತೀರ್ಣ ಎಂದರೆ ತೂಕದ ಬಲದ ಎರಡರಷ್ಟನ್ನು ಗಾಳಿಯ ಸಾಂದ್ರತೆ, ಎಳೆತದ ಗುಣಾಂಕ ಮತ್ತು ವೇಗದ ವರ್ಗ ಈ ಮೂರರ ಗುಣಲಬ್ಧದಿಂದ ಭಾಗಿಸಿದ್ದು. ನಮ್ಮ ಪ್ರಸ್ಥಭೂಮಿಯ ಎತ್ತರದಲ್ಲಿ ಸಾಂದ್ರತೆ ಘನ ಮೀಟರಿಗೆ ಸುಮಾರು 1.1 ಕೆ.ಜಿ., ಚಪ್ಪಟೆ ಬಟ್ಟೆಯ ಪ್ಯಾರಾಶೂಟಿಗೆ ಗುಣಾಂಕ 0.75. ಒಂದೂವರೆ ಮೀಟರ್ ವ್ಯಾಸದ ಪ್ಯಾರಾಶೂಟಿಗೆ ಒಂದೂವರೆ ಕೆ.ಜಿ. ತೂಗುಹಾಕಿದರೆ ವೇಗ 4.5 ಮೀಟರ್ ಬರುತ್ತದೆ. ಪೆಟ್ಟಿಗೆಯನ್ನು ಒಂದು ಮೀಟರ್ ಎತ್ತರದಿಂದ ಕೈಬಿಟ್ಟಷ್ಟೇ ಪೆಟ್ಟು. ಪರೀಕ್ಷೆಗೂ ಇದೇ ಅಳತೆ: ಎಲ್ಲ ಸಾಮಾನು ತುಂಬಿದ ಪೆಟ್ಟಿಗೆಯನ್ನು ಕಾಂಕ್ರೀಟಿನ ಮೇಲೆ ಒಂದು ಮೀಟರಿನಿಂದ ಮೂಲೆ ಕೆಳಗಾಗಿ, ಅಂಚು ಕೆಳಗಾಗಿ, ತಳ ಕೆಳಗಾಗಿ ಬೀಳಿಸಿ. ಟ್ರ್ಯಾಕರ್ ನಿಲ್ಲದೆ ಸಂದೇಶ ಕಳಿಸುತ್ತಿರಬೇಕು.

ರಿಪ್‌ಸ್ಟಾಪ್ ನೈಲಾನ್ (ಹರಿದರೂ ಹರಕು ಹಬ್ಬದಂತೆ ನೇಯ್ದ ಬಟ್ಟೆ), ಎಂಟು ಪಟ್ಟಿ, ನಡುವೆ ವ್ಯಾಸದ ಹತ್ತನೇ ಒಂದರಷ್ಟು ತೂತು. ಆ ತೂತಿಲ್ಲದಿದ್ದರೆ ಗಾಳಿ ಅಂಚಿನಿಂದ ನುಗ್ಗಿ ಹೊರಬಿದ್ದು ಪ್ಯಾರಾಶೂಟ್ ಲೋಲಕದಂತೆ ಓಲಾಡುತ್ತದೆ, ಪೆಟ್ಟಿಗೆ ಓರೆಯಾಗಿ ನೆಲಕ್ಕೆ ಬಡಿಯುತ್ತದೆ. ದಾರಗಳ ಉದ್ದ ಪ್ಯಾರಾಶೂಟಿನ ವ್ಯಾಸಕ್ಕಿಂತ ಕಡಿಮೆಯಾಗಬಾರದು.

ಪ್ಯಾರಾಶೂಟನ್ನು ಮಡಿಚಿ ಚೀಲದಲ್ಲಿಡಬೇಡಿ. ಬಲೂನಿಗೂ ಪೆಟ್ಟಿಗೆಗೂ ನಡುವೆ, ತುದಿಯಿಂದ ತೂಗುವಂತೆ, ಮೊದಲಿನಿಂದಲೇ ಬಿಚ್ಚಿದ ಸ್ಥಿತಿಯಲ್ಲಿ ಹೋಗಲಿ. ಬಿಚ್ಚುವ ಯಂತ್ರವೇ ಇಲ್ಲವಾದರೆ ಅದು ಕೆಡುವ ಪ್ರಶ್ನೆಯೂ ಇಲ್ಲ. ಬಲೂನು ಒಡೆದ ಕೂಡಲೇ ಅದು ಅರಳುವುದಿಲ್ಲ. 32 ಕಿ.ಮೀ.ಯಲ್ಲಿ ಗಾಳಿ ಅಷ್ಟು ತೆಳು. ಅಲ್ಲಿ ಇದೇ ಪ್ಯಾರಾಶೂಟ್ ತಡೆದರೂ ವೇಗ ಸೆಕೆಂಡಿಗೆ 40 ಮೀಟರ್, ಅಂದರೆ ಗಂಟೆಗೆ 145 ಕಿ.ಮೀ. ಇರುತ್ತದೆ. ಕೆಳಗಿಳಿಯುತ್ತ ಗಾಳಿ ದಟ್ಟವಾದಂತೆ ವೇಗ ತಾನಾಗಿ ಇಳಿಯುತ್ತದೆ. ಇಡೀ ಇಳಿಕೆಗೆ ಸುಮಾರು 45 ನಿಮಿಷ.

ಹಾಳಾಗುವುದು ಈ ಮೊದಲ ಒಂದೆರಡು ನಿಮಿಷಗಳಲ್ಲೇ. ಒಡೆದ ಲೇಟೆಕ್ಸ್ ಪೂರ್ತಿ ಉದುರಿಹೋಗುವುದಿಲ್ಲ. ಅರ್ಧ ಕೆ.ಜಿ.ಗೂ ಮಿಕ್ಕ ಚಿಂದಿ ಕುತ್ತಿಗೆಯಲ್ಲಿ ಉಳಿದು, ಹುರಿಯ ಜೊತೆ ಮೇಲಿಂದ ಬಿದ್ದು ಪ್ಯಾರಾಶೂಟಿನ ದಾರಗಳಿಗೆ ಸುತ್ತಿಕೊಳ್ಳುತ್ತದೆ. ಪ್ಯಾರಾಶೂಟ್ ಅರ್ಧ ಮುಚ್ಚಿಹೋದರೆ ನೆಲದ ವೇಗ 4.5ರಿಂದ 6.4ಕ್ಕೆ ಏರುತ್ತದೆ. ಪೂರ್ತಿ ಸುತ್ತಿಕೊಂಡರೆ ಲೆಕ್ಕವೇ ಬೇಡ. ಇದಕ್ಕೆ ಮೂರು ತಡೆ, ಮೂರೂ ಬೇಕು. ಬಲೂನಿನ ಕುತ್ತಿಗೆಯಿಂದ ಪ್ಯಾರಾಶೂಟಿನ ತುದಿಗೆ ಆರರಿಂದ ಎಂಟು ಮೀಟರ್ ಹುರಿ ಬಿಡಿ. ಪ್ಯಾರಾಶೂಟಿನ ದಾರಗಳು ಸೇರುವಲ್ಲಿ 25-30 ಸೆಂ.ಮೀ. ಅಗಲದ ಹಗುರ ಪ್ಲಾಸ್ಟಿಕ್ ಬಳೆ ಕಟ್ಟಿ, ದಾರಗಳು ಒಂದಕ್ಕೊಂದು ಹೊಸೆದುಕೊಳ್ಳದಂತೆ ಅದು ಹರಡಿ ಹಿಡಿಯುತ್ತದೆ. ಅದರ ಜೊತೆಗೇ, ಬಳೆಯ ಕೆಳಗೆ ಮೀನುಗಾರರು ಬಳಸುವ ಬಾಲ್‌ಬೇರಿಂಗ್ ಸ್ವಿವೆಲ್ ಹಾಕಿ. ಮೂರನೆಯದು ಚಿಂದಿಯನ್ನೇ ಕಳಚಿಹಾಕುವ ಸಾಧನ.

ಕತ್ತರಿಸುವ ಸಾಧನ

ಇದರ ಜಾಗ ಪ್ಯಾರಾಶೂಟಿನ ಮೇಲ್ತುದಿಗೆ ಹತ್ತಿರ, ಬಲೂನಿನ ಹುರಿ ಅಲ್ಲಿ ಕೊನೆಯಾಗುವಂತೆ. ಕೆಲಸ ಎರಡು. ಬಲೂನು ಒಡೆದದ್ದು ಗೊತ್ತಾದೊಡನೆ ಚಿಂದಿಯನ್ನು ಬಿಟ್ಟುಬಿಡುವುದು, ಮತ್ತು ಬಲೂನು ಒಡೆಯದೆ ತಪ್ಪು ದಿಕ್ಕಿಗೆ ಹೋಗುತ್ತಿದ್ದರೆ ಹಾರಾಟ ನಿಲ್ಲಿಸುವುದು.

0.2 ಮಿ.ಮೀ. ದಪ್ಪದ ನೈಕ್ರೋಮ್ ತಂತಿ ಐದು ಸೆಂ.ಮೀ. ತೆಗೆದುಕೊಳ್ಳಿ. ಅದರ ರೋಧ ಸುಮಾರು 1.7 ಓಮ್. ಅದನ್ನು ನೈಲಾನ್ ಹುರಿಗೆ ಬಿಗಿಯಾಗಿ ಸುತ್ತಿ. ಎರಡು ಲಿಥಿಯಂ ಪೆನ್ಸಿಲ್ ಸೆಲ್ಲುಗಳ 3 ವೋಲ್ಟ್ ಕೊಟ್ಟರೆ ಒಂದೂವರೆ ಆಂಪಿಯರ್ ಹರಿದು ಕೆಲವೇ ಸೆಕೆಂಡುಗಳಲ್ಲಿ ಹುರಿ ಕರಗುತ್ತದೆ. ಈ ಸೆಲ್ಲುಗಳು ಟ್ರ್ಯಾಕರಿನ ಬ್ಯಾಟರಿಯಿಂದ ಪೂರ್ತಿ ಬೇರೆ ಇರಲಿ. ತಂತಿಗೆ ಕರೆಂಟು ಹರಿದಾಗ ವೋಲ್ಟೇಜು ಕುಸಿದು ಟ್ರ್ಯಾಕರ್ ರೀಸೆಟ್ ಆದರೆ, ಕತ್ತರಿಸಿದೆನೋ ಇಲ್ಲವೋ ಎಂಬುದೂ ಅದಕ್ಕೆ ನೆನಪಿರುವುದಿಲ್ಲ.

ತೆಳು ಗಾಳಿಯಲ್ಲಿ ತಂತಿ ಇನ್ನೂ ಚೆನ್ನಾಗಿ ಕಾಯುತ್ತದೆ, ಏಕೆಂದರೆ ಶಾಖ ಒಯ್ಯಲು ಗಾಳಿಯೇ ಇಲ್ಲ. ಕೈಕೊಡುವುದು ಚಳಿ. ತಣ್ಣಗಾದ ಸೆಲ್ಲಿನ ಒಳರೋಧ ಏರಿ ಕರೆಂಟು ಇಳಿಯುತ್ತದೆ. ಸೆಲ್ಲುಗಳ ಸಮೇತ ಸಾಧನವನ್ನು ಫ್ರೀಜರಿನಲ್ಲಿ ಎರಡು ಗಂಟೆ ಇಟ್ಟು, ಹುರಿಗೆ ಒಂದೂವರೆ ಕೆ.ಜಿ. ಕಲ್ಲು ತೂಗಿಸಿ ಕತ್ತರಿಸಿ ನೋಡಿ. ತೂಕವಿಲ್ಲದೆ ಮೇಜಿನ ಮೇಲೆ ಮಾಡಿದ ಪರೀಕ್ಷೆ ಮೋಸ ಮಾಡುತ್ತದೆ. ಸಡಿಲ ಹುರಿ ಕರಗಿ ತಂತಿಗೇ ಅಂಟಿಕೊಳ್ಳುವುದುಂಟು. ಒಡೆದ ಬಲೂನಿನ ಚಿಂದಿಯೂ ಹುರಿಯನ್ನು ಬಿಗಿಯಾಗಿ ಎಳೆಯುವುದಿಲ್ಲ. ಅದಕ್ಕೇ ಸುತ್ತಿನ ಎರಡೂ ಪಕ್ಕಕ್ಕೆ ಹುರಿಯನ್ನು ಜಗ್ಗಿ ಹಿಡಿಯುವ ಚಿಕ್ಕ ರಬ್ಬರ್ ಬ್ಯಾಂಡ್ ಕಟ್ಟಬೇಕು.

ಆಜ್ಞೆ ಕೊಡುವ ದಾರಿ ಕನಿಷ್ಠ ಎರಡಿರಲಿ, ಒಂದು ಇನ್ನೊಂದನ್ನು ನೆಚ್ಚಿರಬಾರದು. ಟ್ರ್ಯಾಕರ್ ತನ್ನ ಜಾಗ ನೋಡಿಕೊಂಡು, ಮೊದಲೇ ಗೆರೆ ಹಾಕಿದ ಪ್ರದೇಶದ ಹೊರಗೆ ಕಾಲಿಟ್ಟರೆ ಕತ್ತರಿಸಬೇಕು. ಜಿಪಿಎಸ್ ಸತ್ತರೂ ಕೆಲಸ ಮಾಡುವ ಸಾದಾ ಟೈಮರ್ ಒಂದು ಬೇರೆ ಇರಬೇಕು. ಏರಿಕೆಗೆ ಸುಮಾರು 1 ಗಂಟೆ 45 ನಿಮಿಷ ಬೇಕಾದ್ದರಿಂದ ಟೈಮರನ್ನು ಎರಡು ಗಂಟೆ ಹತ್ತು ನಿಮಿಷಕ್ಕೆ ಇಟ್ಟರೆ ಸಾಕು.

ಪೆಟ್ಟಿಗೆ ಮತ್ತು ಚಳಿ

30 ಮಿ.ಮೀ. ದಪ್ಪದ ಥರ್ಮೋಕೋಲ್, ಹೊರಗೆ ಕಿತ್ತಳೆ ಬಣ್ಣದ ಟೇಪು. ತಳಕ್ಕೆ 50 ಮಿ.ಮೀ. ನುಜ್ಜಾಗುವ ಫೋಮ್. 4.5 ಮೀಟರ್ ವೇಗದ ಪೆಟ್ಟಿಗೆ 30 ಮಿ.ಮೀ. ಅಂತರದಲ್ಲಿ ನಿಂತರೆ ಒಳಗಿನ ಬೋರ್ಡಿಗೆ ಗುರುತ್ವದ 34ರಷ್ಟು ಪೆಟ್ಟು. ಮೆತ್ತೆಯಿಲ್ಲದೆ 5 ಮಿ.ಮೀ.ನಲ್ಲಿ ನಿಂತರೆ 200ರಷ್ಟು. ಎಸ್‌ಡಿ ಕಾರ್ಡು ಜಿಗಿದು ಹೊರಬರುವುದು, ಬ್ಯಾಟರಿ ತನ್ನ ಸ್ಪ್ರಿಂಗನ್ನು ಒತ್ತಿ ಕ್ಷಣಕಾಲ ಸಂಪರ್ಕ ತಪ್ಪುವುದು ಆಗಲೇ. ಸೆಲ್ಲುಗಳಿಗೆ ಹೋಲ್ಡರ್ ಬೇಡ, ಟ್ಯಾಬ್ ಇರುವ ಸೆಲ್ಲು ತಂದು ತಂತಿಯ ತುದಿಯನ್ನು ಆ ಟ್ಯಾಬಿಗೆ (ಸೆಲ್ಲಿನ ಮೈಗಲ್ಲ) ಬೆಸೆದುಬಿಡಿ. ಬಿಸಿ ಅಂಟು ಚಳಿಗೆ ಗಾಜಿನಂತೆ ಸೆಟೆದು ಕಳಚುತ್ತದೆ, ಆದ್ದರಿಂದ ಸಿಲಿಕೋನ್ ಮತ್ತು ಕೇಬಲ್ ಟೈ ಬಳಸಿ. ಒಳಗಿನ ಗಾಳಿ ಹೊರಹೋಗಲು 4 ಮಿ.ಮೀ. ತೂತು ಬೇಕು. ಮರೆತರೆ ಮುಚ್ಚಳ ಉಬ್ಬಿ ಟೇಪು ಕಿತ್ತುಬರುತ್ತದೆ.

ಚಳಿಯ ವಿಷಯದಲ್ಲಿ ಹೊರದೇಶದ ಕೈಪಿಡಿಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಅಲ್ಲಿ ಸಾಮಾನ್ಯವಾಗಿ ಮೈನಸ್ 55 ಡಿಗ್ರಿ ಎಂದು ಬರೆದಿರುತ್ತದೆ. ಉಷ್ಣವಲಯದ ನಮ್ಮ ಆಕಾಶದಲ್ಲಿ 16-17 ಕಿ.ಮೀ. ಎತ್ತರದ ಪದರ ಮೈನಸ್ 80 ಡಿಗ್ರಿ ಮುಟ್ಟುತ್ತದೆ. ಬಿಸಿಲು ನಾಡಿನ ಮೇಲೆಯೇ ಇಷ್ಟು ಚಳಿ! ಕ್ಷಾರದ (ಆಲ್ಕಲೈನ್) ಸಾದಾ ಸೆಲ್ಲು ಅಲ್ಲಿ ಉಳಿಯುವುದಿಲ್ಲ. ಮರುಚಾರ್ಜಿನ ಲಿಥಿಯಂ ಪಾಲಿಮರ್ ಕೂಡ ಅರ್ಧದಾರಿಯಲ್ಲಿ ಸುಸ್ತಾಗುತ್ತದೆ. ಮೈನಸ್ 40ರವರೆಗೆ ಖಾತರಿಯಿರುವ, ಒಮ್ಮೆ ಬಳಸಿ ಎಸೆಯುವ ಲಿಥಿಯಂ ಪೆನ್ಸಿಲ್ ಸೆಲ್ಲನ್ನೇ ಥರ್ಮೋಕೋಲಿನ ಒಳಗೆ, ಬೋರ್ಡಿನ ಶಾಖ ತಾಗುವಂತೆ ಇಡಿ. ಮರುಬಳಕೆಯ ಹೆಸರಿನಲ್ಲಿ ಇಲ್ಲಿ ಮಾತ್ರ ಉಳಿತಾಯ ಮಾಡಬೇಡಿ.

ಹುಡುಕುವ ವ್ಯವಸ್ಥೆ

ಜಿಪಿಎಸ್ ಚಿಪ್ಪುಗಳಲ್ಲಿ ಎತ್ತರದ ಮಿತಿಯಿರುತ್ತದೆ. ಯು-ಬ್ಲಾಕ್ಸ್ ಚಿಪ್ಪು ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ 12 ಕಿ.ಮೀ. ದಾಟಿದ ಮೇಲೆ ಜಾಗ ಹೇಳುವುದನ್ನೇ ನಿಲ್ಲಿಸುತ್ತದೆ. ಪ್ರತಿ ಸಲ ಚಾಲೂ ಆದಾಗಲೂ ಅದನ್ನು ‘ಏರ್‌ಬೋರ್ನ್’ ಸ್ಥಿತಿಗೆ ಬದಲಿಸುವ ಆಜ್ಞೆ ಕಳಿಸಿ, ಒಪ್ಪಿತೇ ಎಂದು ಉತ್ತರ ಓದಿ ಖಚಿತಪಡಿಸಿಕೊಳ್ಳಬೇಕು. ಹಾರಾಟದ ನಡುವೆ ರೀಸೆಟ್ ಆದರೆ ಹಳೆಯ ಸ್ಥಿತಿಗೆ ಮರಳಿಬಿಡುತ್ತದೆ.

ರೇಡಿಯೊಗೆ 865–868 ಮೆಗಾಹರ್ಟ್ಸ್ ಬ್ಯಾಂಡು ನಮ್ಮಲ್ಲಿ ಲೈಸೆನ್ಸಿಲ್ಲದೆ ಬಳಸಬಹುದಾದದ್ದು. ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಂದೇಶ ಕಳಿಸುವ ಲೋರಾ ಮಾಡ್ಯೂಲುಗಳು ಇದರಲ್ಲಿ ಸುಲಭವಾಗಿ ಸಿಗುತ್ತವೆ. ತಂಡದಲ್ಲಿ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇದ್ದವರಿದ್ದರೆ ಎರಡನೇ ಟ್ರ್ಯಾಕರನ್ನು ಅವರ ಬ್ಯಾಂಡಿನಲ್ಲಿ ಇಡಿ. ಆಕಾಶದಲ್ಲಿರುವಾಗ ಸಂಕೇತ ಸಿಗುವುದು ಕಷ್ಟವಲ್ಲ, 30 ಕಿ.ಮೀ. ಎತ್ತರದಿಂದ ದಿಗಂತವೇ 600 ಕಿ.ಮೀ. ದೂರ. ಕಷ್ಟ ಕೊನೆಯ ಐದು ನಿಮಿಷ. ಪೆಟ್ಟಿಗೆ ನೆಲದಿಂದ 500 ಮೀಟರಿಗೆ ಇಳಿದಾಗ ದಿಗಂತ 80 ಕಿ.ಮೀ.ಗೆ ಬಂದಿರುತ್ತದೆ, ನಡುವೆ ಒಂದು ಬೆಟ್ಟವಿದ್ದರೆ ಇನ್ನೂ ಮೊದಲೇ ಕಳೆದುಹೋಗುತ್ತದೆ. ರಾಗಿ ಹೊಲದಲ್ಲಿ ಮಗುಚಿ ಬಿದ್ದ ಪೆಟ್ಟಿಗೆಯ ಸಂಕೇತ ಒಂದು ಕಿ.ಮೀ. ದಾಟಿದರೆ ಪುಣ್ಯ. ಆದ್ದರಿಂದ ಇಳಿಕೆ ಶುರುವಾಗುವ ಮೊದಲೇ ಜೀಪು, ಯಾಗಿ ಆಂಟೆನಾ (ಒಂದೇ ದಿಕ್ಕಿನ ಸಂಕೇತ ಹಿಡಿಯುವಂಥದ್ದು) ಹಿಡಿದವರೊಡನೆ, ಅಂದಾಜು ಜಾಗದ ಹತ್ತು ಕಿ.ಮೀ. ಒಳಗೆ ಇರಬೇಕು. 3 ಕಿ.ಮೀ.ಗಿಂತ ಕೆಳಗೆ ಸಂದೇಶವನ್ನು ಎರಡೆರಡು ಸೆಕೆಂಡಿಗೆ ಕಳಿಸುವಂತೆ ಬರೆಯಿರಿ. ಮೊಬೈಲ್ ಟ್ರ್ಯಾಕರನ್ನು 2 ಕಿ.ಮೀ.ಗೆ ಇಳಿದ ಮೇಲೆ ಚಾಲೂ ಮಾಡಿ, ಮೇಲೆ ಅದಕ್ಕೆ ನೆಟ್‌ವರ್ಕ್ ಹುಡುಕಿಯೇ ಬ್ಯಾಟರಿ ಮುಗಿಯುತ್ತದೆ. ನೆಲದಲ್ಲಿ ಒಂದು ನಿಮಿಷ ಎತ್ತರ ಬದಲಾಗದಿದ್ದರೆ ಕೂಗುವ ಬಝರ್ ಕಬ್ಬಿನ ಗದ್ದೆಯಲ್ಲಿ ಜಿಪಿಎಸ್‌ಗಿಂತ ಉಪಯೋಗಕ್ಕೆ ಬರುತ್ತದೆ.

ನೆಲಕ್ಕಿಳಿದ ಪ್ಯಾರಾಶೂಟನ್ನು ಗಾಳಿ ಮತ್ತೆ ಅರಳಿಸಿದರೆ ಏನಾಗುತ್ತದೆಂದು ಎಣಿಸಿದ್ದೀರಾ? ಸೆಕೆಂಡಿಗೆ 8 ಮೀಟರ್ ಗಾಳಿಗೆ ನಮ್ಮ ಪ್ಯಾರಾಶೂಟು ಸುಮಾರು 4.8 ಕೆ.ಜಿ. ಬಲದಿಂದ ಎಳೆಯುತ್ತದೆ. ಒಂದೂವರೆ ಕೆ.ಜಿ. ಪೆಟ್ಟಿಗೆ ಜಾಲಿಮುಳ್ಳಿನ ಮೇಲೆ ದರದರ ಎಳೆದಾಡಿಹೋಗುತ್ತದೆ. ದಾರಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಒಂದೇ ಕುಣಿಕೆಗೆ ಸೇರಿಸಿ, ಆ ಕುಣಿಕೆಗೆ ಇನ್ನೊಂದು ನೈಕ್ರೋಮ್ ಸುತ್ತಿಡಿ. ನೆಲ ಮುಟ್ಟಿದ್ದು ಖಚಿತವಾದೊಡನೆ ಅದು ಸುಟ್ಟರೆ, ಉಳಿದ ಒಂದೇ ದಾರದಲ್ಲಿ ಪ್ಯಾರಾಶೂಟು ಬಾವುಟದಂತೆ ಮಲಗುತ್ತದೆ, ಕಳೆದೂ ಹೋಗುವುದಿಲ್ಲ.

ಪೆಟ್ಟಿಗೆಯ ಮೇಲೆ ಕನ್ನಡ, ತೆಲುಗು, ತಮಿಳಿನಲ್ಲಿ ದೊಡ್ಡಕ್ಷರದಲ್ಲಿ ಬರೆದಿರಲಿ: ‘ಇದು ಹವಾಮಾನ ಪ್ರಯೋಗದ ಪೆಟ್ಟಿಗೆ. ಅಪಾಯವಿಲ್ಲ. ದಯವಿಟ್ಟು ಬಿಚ್ಚಬೇಡಿ, ಈ ನಂಬರಿಗೆ ಫೋನ್ ಮಾಡಿ.’ ತಂತಿ, ಬ್ಯಾಟರಿ, ಮಿನುಗುವ ದೀಪ ಇರುವ ಪೆಟ್ಟಿಗೆ ಆಕಾಶದಿಂದ ಬಿದ್ದರೆ ಯಾರಿಗಾದರೂ ಬಾಂಬಿನ ನೆನಪಾಗುತ್ತದೆ. 2025ರ ಜನವರಿಯಲ್ಲಿ ಟಿಐಎಫ್‌ಆರ್‌ನ ಬಲೂನು ಬೀದರ್ ಜಿಲ್ಲೆಯ ಜಲಸಂಗಿಯಲ್ಲಿ ಇಳಿದಾಗ ಊರವರು ಗಾಬರಿಯಾದದ್ದು ಸುದ್ದಿಯಾಗಿತ್ತು. ಅಂದಾಜು ಜಾಗದ ಪೊಲೀಸ್ ಠಾಣೆಗೆ ಹಿಂದಿನ ದಿನವೇ ತಿಳಿಸಿ. ಪೆಟ್ಟಿಗೆ ವಿದ್ಯುತ್ ತಂತಿಗೆ ಸಿಕ್ಕಿಕೊಂಡಿದ್ದರೆ ಕೋಲು ಹಾಕಿ ಎಳೆಯುವ ಸಾಹಸ ಬೇಡ. ಲೈನ್‌ಮನ್ ಬಂದು ಲೈನು ಕಡಿತ ಮಾಡುವವರೆಗೆ ಕಾಯಿರಿ.

ದಿನ, ಜಾಗ, ಅನಿಲ

ಮಳೆಗಾಲದಲ್ಲಿ 14ರಿಂದ 16 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಜೆಟ್ ಗಾಳಿ ಸೆಕೆಂಡಿಗೆ 30 ಮೀಟರ್ ದಾಟುತ್ತದೆ. ಪೆಟ್ಟಿಗೆಯನ್ನು ಘಟ್ಟದ ಕಾಡಿನತ್ತ ತಳ್ಳುವುದು ಅದೇ. ಚಳಿಗಾಲದಲ್ಲಿ ಕೆಳಗಿನ ಗಾಳಿ ಒಂದು ದಿಕ್ಕು, ಮೇಲಿನದು ಇನ್ನೊಂದು ದಿಕ್ಕಾಗಿ ಒಂದನ್ನೊಂದು ಕಳೆದು ಒಟ್ಟು ದೂರ ಕಡಿಮೆಯಾಗುವ ದಿನಗಳು ಸಿಗುತ್ತವೆ. ಬಲೂನು ಎಲ್ಲಿ ಇಳಿಯುವುದೆಂದು ಲೆಕ್ಕ ಹಾಕಿಕೊಡುವ ಸೊಂಡ್‌ಹಬ್ ಜಾಲತಾಣದ ಅಂದಾಜು ಸಾಧನದಲ್ಲಿ ಏರಿಕೆ 5, ನೆಲದ ವೇಗ 4.5, ಒಡೆಯುವ ಎತ್ತರ 32 ಕಿ.ಮೀ. ಎಂದು ಕೊಟ್ಟು ಒಂದೇ ಉತ್ತರ ನೋಡಿ ಸುಮ್ಮನಾಗಬೇಡಿ. ಏರಿಕೆಯನ್ನು 4 ಮತ್ತು 6, ಒಡೆಯುವ ಎತ್ತರವನ್ನು 28 ಮತ್ತು 34 ಎಂದು ಬದಲಿಸಿ ಬರುವ ಎಲ್ಲ ಚುಕ್ಕೆಗಳನ್ನೂ ನಕ್ಷೆಯಲ್ಲಿಡಿ. ಅವುಗಳಲ್ಲಿ ಒಂದಾದರೂ ಕೆರೆ, ಪಟ್ಟಣ, ಮೀಸಲು ಅರಣ್ಯದ ಮೇಲೆ ಬಿದ್ದರೆ ಹಾರಿಸುವ ಜಾಗ ಬದಲಿಸಿ, ಇಲ್ಲವೇ ದಿನ ಬಿಟ್ಟುಬಿಡಿ.

ಅನಿಲ ಹೀಲಿಯಮ್ಮೇ ಇರಲಿ. ಜಲಜನಕ ಅಗ್ಗ, ಎತ್ತುವುದೂ ಕೊಂಚ ಹೆಚ್ಚು. ಆದರೆ ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಬೆರೆತಿದ್ದರೆ ಒಂದು ಕಿಡಿ ಸಾಕು. ಸೆಕೆಂಡಿಗೆ 5 ಮೀಟರ್ ಏರಲು ಹೊರೆಗಿಂತ 1.1 ಕೆ.ಜಿ. ಹೆಚ್ಚು ಎತ್ತುವ ಬಲ ಬೇಕು, ಅಂದರೆ ಕುತ್ತಿಗೆಯಲ್ಲಿ 2.6 ಕೆ.ಜಿ. ಇದಕ್ಕೆ ಬೆಂಗಳೂರಿನ ಎತ್ತರದಲ್ಲಿ ಸುಮಾರು 4.2 ಘನ ಮೀಟರ್ ಹೀಲಿಯಂ ಸಾಕು, 7 ಘನ ಮೀಟರಿನ ಒಂದು ಸಿಲಿಂಡರಿನಲ್ಲಿ ಮುಗಿಯುತ್ತದೆ. ಅಳೆಯುವ ಬಗೆ: ತುಂಬುವ ನಳಿಕೆ ಮತ್ತು ನೀರಿನ ಕ್ಯಾನು ಎರಡೂ ಸೇರಿ ಸರಿಯಾಗಿ 2.6 ಕೆ.ಜಿ. ಆಗುವಂತೆ ನೀರು ಹಾಕಿ ಕುತ್ತಿಗೆಗೆ ತೂಗಿಸಿ. ಕ್ಯಾನು ನೆಲ ಬಿಟ್ಟು ತೇಲಿದಾಗ ಅನಿಲ ನಿಲ್ಲಿಸಿ. ನಳಿಕೆಯ ತೂಕ ಬಿಟ್ಟು ಲೆಕ್ಕ ಹಾಕುವುದೇ ಇಲ್ಲಿಯ ಮಾಮೂಲಿ ತಪ್ಪು.

ಹೆಚ್ಚು ತುಂಬಿದರೆ ಬೇಗ ಏರಿ ಕೆಳಗೇ ಒಡೆಯುತ್ತದೆ, ಪೆಟ್ಟಿಗೆ ಹತ್ತಿರ ಸಿಗುತ್ತದೆ. ಕಡಿಮೆ ತುಂಬಿದರೆ ಒಡೆಯದೆ ಮೇಲೆ ತೇಲುತ್ತ ಬಂಗಾಳಕೊಲ್ಲಿಗೆ ಹೋಗಬಹುದು. ಅನುಮಾನವಿದ್ದಾಗ ನೂರು ಗ್ರಾಂ ಹೆಚ್ಚೇ ಇರಲಿ.

ವಾಲ್ವ್ ಹಾಕಿ ಬಲೂನನ್ನೇ ಇಳಿಸುವುದು

ಒಡೆಯುವ ಮುನ್ನ ಅನಿಲ ಬಿಟ್ಟು ಇಡೀ ಬಲೂನನ್ನೇ ನಿಧಾನವಾಗಿ ಇಳಿಸಬಹುದು. ಲೇಟೆಕ್ಸಿಗೆ ವಾಲ್ವ್ ಕುತ್ತಿಗೆಯಲ್ಲಿ, ಕೆಳಗೇ, ಇದ್ದರೂ ನಡೆಯುತ್ತದೆ. ಬಿಗಿದ ರಬ್ಬರೇ ಅನಿಲವನ್ನು ಹೊರಗೆ ಒತ್ತುತ್ತದೆ. ತಳ ತೆರೆದಿರುವ ಪಾಲಿಥೀನ್ ಬಲೂನಿನಲ್ಲಿ ಒತ್ತಡ ಇರುವುದು ನೆತ್ತಿಯಲ್ಲಿ ಮಾತ್ರ, ವಾಲ್ವೂ ಅಲ್ಲೇ ಇರಬೇಕು. ವಾಲ್ವಿನಲ್ಲಿ ಅನಿಲ ಸೋರದಂತೆ ತಡೆಯುವ ಸೀಲಿಗೆ ಸಿಲಿಕೋನ್ ರಬ್ಬರ್ ಬಳಸಿ, ಮಾಮೂಲಿ ನೈಟ್ರೈಲ್ ಚಳಿಗೆ ಮರದಂತಾಗುತ್ತದೆ. ವಾಲ್ವ್ ತೆರೆಯುವ ಸರ್ವೋ ಮೋಟಾರನ್ನು ಬಿಚ್ಚಿ, ಚಳಿಗೆ ಗಟ್ಟಿಯಾಗುವ ಗ್ರೀಸನ್ನು ಒರೆಸಿ ತೆಗೆಯಿರಿ.

ಇದರ ಲಾಭ ದೊಡ್ಡದು. ಇಳಿಯುತ್ತ ಬಲೂನೂ ಕುಗ್ಗುವುದರಿಂದ ವೇಗ ಹೆಚ್ಚು ಬದಲಾಗುವುದಿಲ್ಲ. 25 ಕಿ.ಮೀ.ಯಲ್ಲಿ ಸೆಕೆಂಡಿಗೆ 5 ಮೀಟರ್ ಇದ್ದದ್ದು ನೆಲದಲ್ಲಿ 3ರ ಹತ್ತಿರ ಬರುತ್ತದೆ. ನಷ್ಟವೂ ಇದೆ: ಇಳಿಕೆಗೆ ಒಂದೂಮುಕ್ಕಾಲು ಗಂಟೆ, ಅಷ್ಟೂ ಹೊತ್ತು ಗಾಳಿಯ ಪಾಲು. ಬಿಸಿಲಿಗೆ ಬೆಂದ ಲೇಟೆಕ್ಸ್ ನಡುವೆ ಯಾವಾಗ ಬೇಕಾದರೂ ಒಡೆಯಬಹುದಾದ್ದರಿಂದ ಪ್ಯಾರಾಶೂಟ್ ಬಿಡುವಂತಿಲ್ಲ. ನೆಲ ಮುಟ್ಟಿದಾಗ ಹುರಿ ಕತ್ತರಿಸಿದಿರೋ, ಹೊರೆ ಕಳೆದುಕೊಂಡ ಬಲೂನು ಟ್ರ್ಯಾಕರಿಲ್ಲದೆ ಮತ್ತೆ ಆಕಾಶಕ್ಕೆ ಹಾರುತ್ತದೆ. ಆಗ ಮಾಡಬೇಕಾದ್ದು ಕತ್ತರಿಸುವುದಲ್ಲ, ವಾಲ್ವನ್ನು ಪೂರ್ತಿ ತೆರೆದಿಡುವುದು. ಹಾಗೆ ಸಿಕ್ಕ ಲೇಟೆಕ್ಸ್ ಕೂಡ ಎರಡನೇ ಹಾರಾಟಕ್ಕೆ ಆಗದು. ಹೊಲದಲ್ಲಿ ಚಿಂದಿ ಉಳಿಯುವುದಿಲ್ಲ, ದನಕರು ತಿನ್ನುವುದಿಲ್ಲ, ಅಷ್ಟೇ ಗಳಿಕೆ. ವಾಲ್ವಿನ ಕೆಲಸವನ್ನು ಮೊದಲ ಹಾರಾಟಕ್ಕೆ ಇಟ್ಟುಕೊಳ್ಳಬೇಡಿ.

ಮತ್ತೆ ಹಾರಿಸುವ ಮೊದಲು

ಹುರಿ, ನೈಕ್ರೋಮ್, ಸೆಲ್ಲು, ತಳದ ಫೋಮ್ ಇವು ಪ್ರತಿ ಹಾರಾಟಕ್ಕೂ ಹೊಸತು. ಫೋಮ್ ನೋಡಲು ಸರಿಯಾಗಿದ್ದರೂ ಒಮ್ಮೆ ನುಜ್ಜಾದದ್ದು ಎರಡನೇ ಪೆಟ್ಟು ಹೀರುವುದಿಲ್ಲ. ಪ್ಯಾರಾಶೂಟನ್ನು ಬೆಳಕಿಗೆ ಹಿಡಿದು ಒಂದೊಂದೇ ಪಟ್ಟಿ ನೋಡಿ. ಮುಳ್ಳಿನ ತೂತಿಗೆ ರಿಪ್‌ಸ್ಟಾಪ್ ತೇಪೆ ಸಾಕು. ಹೊಲಿಗೆಯ ಸಾಲು ಸಡಿಲವಾಗಿದ್ದರೆ ಆ ಸಾಲನ್ನು ಪೂರ್ತಿ ಬಿಚ್ಚಿ ಹೊಸದಾಗಿ ಹೊಲಿಯಿರಿ. ಕೆಸರು ಮೆತ್ತಿದ ಬಟ್ಟೆಯನ್ನು ಬರಿ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಬಿಸಿಲು ನೈಲಾನಿಗೆ ಶತ್ರು. ಸ್ವಿವೆಲ್ ಬೆರಳಲ್ಲಿ ತಿರುಗಿಸಿದಾಗ ಮಣ್ಣಿನ ಕಿರುಕು ಕೇಳಿದರೆ ಬಿಸಾಡಿ. ಬೋರ್ಡನ್ನು ಫ್ರೀಜರಿನಲ್ಲಿಟ್ಟು ಚಾಲೂ ಮಾಡಿ ಎರಡು ಗಂಟೆ ದಾಖಲೆ ತೆಗೆಯಿರಿ. ಬೆಸುಗೆಯ ಕೂದಲೆಳೆ ಬಿರುಕು ಕೋಣೆಯ ಬೆಚ್ಚಗಿನಲ್ಲಿ ಕಾಣಿಸದೆ ಚಳಿಯಲ್ಲಿ ಮಾತ್ರ ಬಾಯಿಬಿಡುತ್ತದೆ. ಒಡೆದ ಎತ್ತರ, ನೆಲದ ವೇಗ, ಅಂದಾಜಿಗೂ ಸಿಕ್ಕ ಜಾಗಕ್ಕೂ ಇದ್ದ ದೂರ ಈ ಮೂರನ್ನೂ ಪೆಟ್ಟಿಗೆಯ ಒಳಮುಚ್ಚಳದ ಮೇಲೇ ಮಾರ್ಕರಿನಲ್ಲಿ ಬರೆದಿಡಿ. ಮುಂದಿನ ಸಲ ಅಂದಾಜು ಹಾಕುವಾಗ ಎಳೆತದ ಗುಣಾಂಕವನ್ನು 0.75ರ ಬದಲು ಆ ನೆಲದ ವೇಗದಿಂದಲೇ ಕಂಡುಹಿಡಿಯಬಹುದು.